ಅರ್ಧಕ್ಕೆ ಹಾಕು, ಅರ್ಧ ಬಿಡು

ಇಂಥವು ನಡೀತಾನೇ ಇರ್ತವೆ. ಎಲ್ಲೋ ಒಂದು ಸುದ್ದಿ ಅಚ್ಚಾಗುತ್ತೆ, ಯಾರೋ ಅದನ್ನ ನಂಬ್ತಾರೆ, ಪಕ್ಕದಲ್ಲಿರೋರು ನಗ್ತಾರೆ, ನಕ್ಕು ಮನೆಗೆ ಹೋಗ್ತಾರೆ. ನಾನು ನಕ್ಕಿದ್ದು ಕೊಂಚ ಜಾಸ್ತಿಯೇ ಆಯಿತು. ಅದಕ್ಕೇ ‘ಪೇಪರ್‌ನಲ್ಲಿ ಬಂದಿದೆ’ ಅನ್ನೋ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನಾನು ಯಾವ ಪೇಪರ್, ಎಷ್ಟನೇ ಪುಟ ಅಂತ ಕೇಳದೆ ಬಿಡಲ್ಲ.

ಎಂಬತ್ತರ ದಶಕದಲ್ಲಿ ನಾನು ಶಿಡ್ಲಘಟ್ಟದ ಕಡೆ ಹಳ್ಳಿಗಳಲ್ಲಿ ರೇಷ್ಮೆ ಇಲಾಖೆ ನೌಕರ. ಸೈಕಲ್ ತುಳಿಯೋದು, ರೈತರ ಹುಳು ಮನೆ ನೋಡೋದು, ಹುಳಕ್ಕೆ ರೋಗ ಬರದ ಹಾಗೆ ಏನು ಮಾಡ್ಬೇಕು ಅಂತ ಹೇಳೋದು, ಇಷ್ಟೇ ಕೆಲಸ. ನಾನು ಹೋಗ್ತಿದ್ದ ಒಂದು ಊರಲ್ಲಿ ಒಬ್ಬಳು ಅಜ್ಜಿ ಇದ್ದಳು. ಮಗ ಹೊಲ ನೋಡ್ಕೋತಿದ್ದ, ಸೊಸೆ ಸೊಪ್ಪು ಕತ್ತರಿಸ್ತಿದ್ದಳು, ಹುಳು ಮನೆ ಮಾತ್ರ ಅಜ್ಜಿಯದೇ ರಾಜ್ಯ. ಹುಳು ಹಣ್ಣಾದಾಗ ಮೈ ಬೆಳಕಿಗೆ ತಿಳಿಯಾಗಿ ಕಾಣುತ್ತೆ. ಆಗ ಅಂಥವನ್ನ ಆರಿಸಿ ಗೂಡು ಕಟ್ಟೋ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಸುತ್ತಮುತ್ತ ಆ ಕೆಲಸದಲ್ಲಿ ಅಜ್ಜಿಯ ಕಣ್ಣಿಗೆ ಸಮನಾದ ಕಣ್ಣು ಇರಲಿಲ್ಲ.

ಆ ಕಣ್ಣಿಗೇ ಪೊರೆ ಬರೋಕೆ ಶುರುವಾಗಿತ್ತು. ಅಜ್ಜಿ ಹಣ್ಣಾಗದ ಹುಳವನ್ನೂ ಆರಿಸಿ ಚಂದ್ರಿಕೆಗೆ ಬಿಡೋಳು. ಅವಳು ಆ ಕಡೆ ತಿರುಗಿದ ಮೇಲೆ ಸೊಸೆ ಸದ್ದಿಲ್ಲದೆ ಅವನ್ನ ವಾಪಸ್ ಸೊಪ್ಪಿನ ತಟ್ಟೆಗೆ ಹಾಕೋಳು. ಅಜ್ಜಿಗೆ ಗೊತ್ತಾಗಬಾರದು ಅಂತ ಆ ಮನೆಯಲ್ಲಿ ಎಲ್ಲರೂ ಒಪ್ಪಂದ ಮಾಡ್ಕೊಂಡಿದ್ರು, ನನ್ನನ್ನೂ ಸೇರಿಸ್ಕೊಂಡು.

ರೇಡಿಯೋ ಕೇಳಿದ ಹುಳು

ಸಂಗೀತ ಕೇಳಿಸಿದರೆ ಪೈರು ಹುಲುಸಾಗಿ ಬೆಳೆಯುತ್ತೆ ಅಂತ ಯಾರೋ ಹೇಳಿದ್ದು ಪೇಪರ್‌ನಲ್ಲಿ ಬಂತು. ಪೈರಿಗೆ ಆಗೋದು ಹುಳಕ್ಕೆ ಯಾಕಾಗಲ್ಲ ಅಂತ ಊರಿನ ಯಜಮಾನರೊಬ್ಬರು ಹುಳು ಮನೆ ತೊಲೆಗೆ ರೇಡಿಯೋ ಕಟ್ಟಿದರು. ಆ ಸಲ ಬೆಳೆ ಚೆನ್ನಾಗೇ ಬಂತು. ಸರಿ, ಊರಿನ ರೇಡಿಯೋಗಳೆಲ್ಲ ಹುಳು ಮನೆ ಸೇರಿದವು. ಮನುಷ್ಯರು ವಾರ್ತೆ ಕೇಳ್ಬೇಕಾದ್ರೆ ಹುಳದ ಪಕ್ಕ ಕೂರಬೇಕಾಯ್ತು.

ನಾನು ಯಜಮಾನರಿಗೆ ಹೇಳಿದೆ: ನಿಮಗೆ ಎರಡು ಕೋಣೆ ಇದೆ. ಒಂದೇ ಕಡೆಯಿಂದ ಮೊಟ್ಟೆ ತನ್ನಿ, ಒಂದೇ ತೋಟದ ಸೊಪ್ಪು ಹಾಕಿ. ಒಂದು ಕೋಣೆಗೆ ರೇಡಿಯೋ ಹಾಕಿ, ಇನ್ನೊಂದಕ್ಕೆ ಬಿಡಿ, ಕೊನೆಗೆ ಗೂಡು ತೂಗಿ ನೋಡಿ. ಮಾಡಿದರು ಪಾಪ. ಎರಡು ಕೋಣೆಯದೂ ಒಂದೇ ತೂಕ ಬಂತು. ನೋಡಿದ್ರಾ ಅಂತ ನಾನು ಬೀಗಿದೆ. ಯಜಮಾನರು ನಡುವಿನ ಗೋಡೆ ತಟ್ಟಿ ನೋಡಿ, “ಗೋಡೆ ತೆಳು ಸಾರ್, ಆ ಕಡೆಯವೂ ಕದ್ದು ಕೇಳ್ತವೆ” ಅಂದರು.

ನನ್ನ ಮಾತು ಹಿಡಿದಿದ್ದು ಅಜ್ಜಿ ಒಬ್ಬಳೇ. ಅರ್ಧಕ್ಕೆ ಹಾಕು, ಅರ್ಧ ಬಿಡು. ಯಾರು ಏನು ಹೊಸದು ಹೇಳಿದರೂ ಅರ್ಧ ತಟ್ಟೆಗೆ ಮಾತ್ರ ಮಾಡಿ ನೋಡೋಳು. ಹುಳಕ್ಕೇ ನಿಲ್ಲಲಿಲ್ಲ ಅದು. ಅಂಗಡಿಯವನು ಹೊಸ ಇಂಗು ಒಳ್ಳೇದು ಅಂದ ಅಂತ ಒಂದು ವಾರ ಆ ಮನೆಯಲ್ಲಿ ಎರಡು ಪಾತ್ರೆ ಸಾರು ಕುದಿಯಿತು. “ಸಾರ್, ನೀವು ಹುಳದ್ದು ಮಾತ್ರ ಹೇಳಿ, ಅಡುಗೆ ಮನೆಗೆ ಬರಬೇಡಿ” ಅಂತ ಸೊಸೆ ನನಗೆ ಕೈ ಮುಗಿದಳು.

ಆರನೇ ಪುಟ

ಗ್ರಹಗಳೆಲ್ಲ ಒಂದೇ ಸಾಲಿಗೆ ಬರ್ತವೆ, ಲೋಕಕ್ಕೆ ಏನು ಕಾದಿದೆಯೋ ಅಂತ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬಂದಿತ್ತು. ಊರಿಗೆ ಬರ್ತಿದ್ದಿದ್ದು ಒಂದೇ ಪೇಪರ್, ಅದೂ ಹೋಟೆಲಿಗೆ. ಹೋಟೆಲ್ ಮಾಲೀಕ ಜೋರಾಗಿ ಓದಿದ. ಭೂಮಿ ನಡುಗಬಹುದು, ಸಮುದ್ರ ಉಕ್ಕಬಹುದು ಅನ್ನೋವರೆಗೆ ಬಂದು, ‘ಆರನೇ ಪುಟ ನೋಡಿ’ ಅಂತ ಇದ್ದಿದ್ದನ್ನೂ ಓದಿದ. ನೋಡಿದರೆ ಆರನೇ ಪುಟವೇ ಇಲ್ಲ. ಒಳಗಿನ ಹಾಳೆ ಎಲ್ಲಿ ಹೋಯ್ತೋ ಯಾರಿಗೂ ಗೊತ್ತಿಲ್ಲ. ಆಮೇಲೆ ಕೇಳಬೇಕಾ. ಪೇಪರ್‌ನಲ್ಲಿ ಸಿಗದ ಅರ್ಧವನ್ನ ಜನ ತಾವೇ ತುಂಬಿಸ್ಕೊಂಡ್ರು. ಸಾಕಿದ ಕೋಳಿಗಳನ್ನೆಲ್ಲ ಕೊಯ್ದು ತಿಂದರು. ಒಬ್ಬ ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣನ ಮನೆಗೆ ಹೋಗಿ ಕಾಲು ಹಿಡಿದ.

ಅಜ್ಜಿ ಮಾತ್ರ ಸೊಪ್ಪು ಹಾಕ್ತಾನೇ ಇದ್ದಳು. ಲೋಕ ಮುಳುಗುತ್ತಂತೆ ಅಜ್ಜಿ, ನಿನಗೆ ಭಯ ಇಲ್ವಾ ಅಂದೆ. ನಮ್ಮ ಕಡೆ ಹಳಬರ ಬಾಯಲ್ಲಿ ಕನ್ನಡದ ಜೊತೆ ತೆಲುಗು ಕಲೆತೇ ಇರುತ್ತೆ, ನಮ್ಮ ‘ಮಗಾ’ ಅನ್ನೋದಕ್ಕೆ ಅವಳು ‘ನಾಯನಾ’ ಅನ್ನೋಳು. “ಮುಳುಗಲಿ ನಾಯನಾ, ಮುಳುಗುವಾಗ ಹುಳ ಹಸ್ಕೊಂಡಿರಬಾರದು” ಅಂದಳು.

ಗ್ರಹಗಳು ಬಂದವು, ಹೋದವು. ಅದಾಗಿ ಒಂದು ವಾರಕ್ಕೆ ತಟ್ಟೆಯ ಕಸ ತೆಗೆಯುವಾಗ ಹುಳದ ಅಡಿ ಹಾಸಿದ್ದ ಕಾಗದ ಸೊಸೆಯ ಕೈಗೆ ಬಂತು. ಅದೇ ಆರನೇ ಪುಟ! ಮರಿ ಹುಳಕ್ಕೆ ಹಾಸೋಕೆ ಅಂತ ಆ ಸುದ್ದಿ ಬಂದ ಬೆಳಿಗ್ಗೆ ಅವಳೇ ಹೋಟೆಲಿಂದ ಇಸ್ಕೊಂಡು ಬಂದಿದ್ದ ಹಳೇ ಪೇಪರಿನ ಜೊತೆ ಸೇರ್ಕೊಂಡಿತ್ತು. ಏಳನೇ ಕ್ಲಾಸ್ ಓದಿದ್ದ ಹುಡುಗಿ, ಹಿಕ್ಕೆ ಕೊಡವಿ ಓದಿದಳು. ಇಂಥ ಸಾಲು ಹಿಂದೆಯೂ ಬಂದಿದೆ, ಏನೂ ಆಗೋದಿಲ್ಲ ಅಂತ ವಿಜ್ಞಾನಿಗಳು ಹೇಳಿದ್ದಾರೆ ಅಂತಿತ್ತು. ಊರೆಲ್ಲ ನಕ್ಕಿತು. ಕಾಲು ಹಿಡಿದಿದ್ದ ತಮ್ಮ ಮಾತ್ರ ನಗಲಿಲ್ಲ. ಮಾರನೇ ದಿನದಿಂದ ಮತ್ತೆ ಮಾತು ಬಿಟ್ಟ.

ಸುಣ್ಣದ ಸಂಶೋಧಕ

ಬೇರೆಯವರನ್ನ ನೋಡಿ ನಕ್ಕಿದ್ದಾಯ್ತು, ನನ್ನ ಕಥೆ ಕೇಳಿ. ಹುಳದ ಹಾಸಿಗೆ ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸೋದು ನಮ್ಮ ಪುಸ್ತಕದಲ್ಲೇ ಇದ್ದ ಹಳೇ ಪಾಠ. ನಾನು ಅದನ್ನ ತೋರಿಸ್ತಿರುವಾಗ ಚಿಕ್ಕಬಳ್ಳಾಪುರದಿಂದ ಒಬ್ಬ ವರದಿಗಾರ ಬಂದಿದ್ದ, ಫೋಟೋ ತಕ್ಕೊಂಡ. ಮೂರನೇ ದಿನ ನೋಡ್ತೀನಿ: ‘ರೇಷ್ಮೆ ಹುಳುವಿನ ರೋಗಕ್ಕೆ ಮದ್ದು ಕಂಡುಹಿಡಿದ ನೌಕರ.’ ಕೆಳಗೆ ನನ್ನ ಮುಖ.

ಗೌರಿಬಿದನೂರು ಕಡೆಯಿಂದ ಜನ ಬಂದರು. ನಗರಗೆರೆಯಿಂದ ಎರಡು ಬಸ್ ಬದಲಾಯಿಸಿ ಬಂದ ಹಿರಿಯರೊಬ್ಬರು ಕೈ ಕಟ್ಟಿ ನಿಂತರು. ಸ್ವಾಮಿ, ಇದು ಬರೀ ಸುಣ್ಣ ಅಂದೆ. ಅವರು ನನ್ನ ಮುಖ ನೋಡಿ, “ಹೇಳ್ಬೇಡಿ ಬಿಡಿ ಸಾರ್, ವಿದ್ಯೆ ಯಾರು ಬಿಟ್ಟುಕೊಡ್ತಾರೆ” ಅಂತ ಹೇಳಿ, ಒಂದು ಹಿಡಿ ಸುಣ್ಣ ಟವಲ್ಲಿನ ತುದಿಗೆ ಗಂಟು ಕಟ್ಕೊಂಡು ಹೊರಟರು.

ಪೇಪರ್‌ನವರಿಗೆ ಎರಡು ಸಾಲು ಬರೆದು ಇದು ತಪ್ಪು ಅಂತ ಹೇಳಬೇಕಿತ್ತು. ನಾಳೆ ಬರೆಯೋಣ ಅಂತ ಬಿಟ್ಟೆ. ಅಷ್ಟರಲ್ಲಿ ನನ್ನ ಹೆಂಡತಿ ಆ ಸುದ್ದಿಯ ತುಂಡನ್ನ ಚಿಂತಾಮಣಿಗೆ ಕಳಿಸಿ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿದಳು. ಆಮೇಲೆ ಬರೆಯೋಕೆ ಮನಸ್ಸೇ ಬರಲಿಲ್ಲ. ದೇವರ ಫೋಟೋಗೆ ಹೂವು ಇಡುವಾಗ ಅವಳು ಒಂದು ಎಸಳು ನನಗೂ ಇಡ್ತಿದ್ದಳು.

ಜೇಬಿಗೆ ಹೋದ ಸುದ್ದಿ

ಅಜ್ಜಿಯ ಕಣ್ಣು ದಿನದಿನಕ್ಕೆ ಮಂಜಾಗ್ತಿತ್ತು. ಚಿಕ್ಕಬಳ್ಳಾಪುರದಲ್ಲಿ ಪೊರೆ ತೆಗೀತಾರೆ, ನಾನೇ ಕರ್ಕೊಂಡು ಹೋಗ್ತೀನಿ ಬಾ ಅಂತ ಎಷ್ಟೋ ಸಲ ಕರೆದೆ. ಈ ಹುಳ ಗೂಡಿಗೆ ಇಳೀಲಿ ನಾಯನಾ, ಆಮೇಲೆ ಬರ್ತೀನಿ ಅನ್ನೋಳು. ಹುಳ ಇಲ್ಲದ ದಿನ ಆ ಮನೆಗೆ ವರ್ಷದಲ್ಲಿ ಎಷ್ಟು ಇದ್ದವು! ನಿಜ ಹೇಳ್ಬೇಕಂದ್ರೆ ಅವಳಿಗೆ ಕತ್ತಿ ಭಯ. ಕಣ್ಣುಗುಡ್ಡೆ ಹೊರಗೆ ತೆಗೆದು ತೊಳೆದು ವಾಪಸ್ ಇಡ್ತಾರೆ ಅಂತ ಯಾರೋ ಹೇಳಿದ್ದರು.

ಒಂದು ದಿನ ನಾನು ಸೈಕಲ್ ಹತ್ತುವಾಗ ಸೊಸೆ ಓಡಿ ಬಂದು ಒಂದು ಪೇಪರ್ ತುಂಡು ಕೊಟ್ಟಳು. ತಟ್ಟೆಗೆ ಹಾಸೋಕೆ ತಂದ ಕಾಗದದಲ್ಲಿ ಸಿಕ್ಕಿದ್ದಂತೆ. “ಇದು ನಿಜವಾ ಅಂತ ನೀವು ನೋಡಿ ಹೇಳ್ಬೇಕಂತೆ ಸಾರ್, ನೀವು ಹೇಳೋವರೆಗೂ ಅತ್ತೆ ಕಾಯ್ತಾರಂತೆ” ಅಂದಳು. ನೋಡ್ತೀನಿ ಬಿಡಮ್ಮಾ ಅಂತ ಓದದೇ ಮಡಚಿ ಜೇಬಿಗೆ ಹಾಕ್ಕೊಂಡೆ. ಮಳೆ ಬರೋ ಹಂಗಿತ್ತು, ಮನೆ ಸೇರಬೇಕಿತ್ತು. ಮಾರನೇ ದಿನವೇ ಎರಡು ತಿಂಗಳ ಮಟ್ಟಿಗೆ ಚಿಂತಾಮಣಿಗೆ ಹೋಗು ಅಂತ ಆರ್ಡರ್ ಬಂತು.

ಅಂಗಿ ಒಗೆಯೋಕೆ ಹೋಯಿತು. ಜೇಬಲ್ಲಿ ಏನೋ ಕಾಗದ ಇತ್ತಲ್ರೀ, ಉಂಡೆ ಕಟ್ಟಿದೆ ಅಂತ ಹೆಂಡತಿ ತಂದು ತೋರಿಸಿದಳು. ಪೇಪರ್ ಸುದ್ದಿ ಒಗೆದರೆ ಉಳಿಯೋದು ಇಷ್ಟೇ ಕಣೇ ಅಂದೆ. ಇಬ್ಬರೂ ಚೆನ್ನಾಗಿ ನಕ್ಕೆವು.

ಹಾಕಿದ್ದು, ಬಿಟ್ಟಿದ್ದು

ಚಿಂತಾಮಣಿಯಿಂದ ವಾಪಸ್ ಬಂದು ಆ ಊರಿಗೆ ಹೋದಾಗ ಅಜ್ಜಿ ಜಗಲಿ ಮೇಲೆ ಕೂತಿದ್ದಳು, ಎಡಗಣ್ಣಿಗೆ ಬಟ್ಟೆ ಕಟ್ಟಿತ್ತು. ನನ್ನ ಸೈಕಲ್ ಸದ್ದಿಗೇ ಗುರುತು ಹಿಡಿದಳು.

“ಬಾ ನಾಯನಾ. ನೀನು ಹೇಳ್ದಂಗೇ ಮಾಡ್ದೆ. ಎಡಕ್ಕೆ ಹಾಕ್ದೆ, ಬಲಕ್ಕೆ ಬಿಟ್ಟೆ.”

ಆ ತುಂಡಿನಲ್ಲಿ ಇದ್ದಿದ್ದನ್ನ ಸೊಸೆ ಹೇಳಿದಳು, ಇಷ್ಟು: ಬೇಲಿಯ ಒಂದು ಗಿಡದ ರಸ ಕಣ್ಣಿಗೆ ಬಿಟ್ಟರೆ ಪೊರೆ ಕರಗುತ್ತೆ, ಆಪರೇಷನ್ ಬೇಕಿಲ್ಲ. ಗಿಡದ ಹೆಸರು ನಾನು ಹೇಳಲ್ಲ. ಇದನ್ನ ಓದಿ ಯಾರಾದರೂ ಹುಡುಕ್ಕೊಂಡು ಹೋದರೆ ಅನ್ನೋ ಭಯ. ಅಜ್ಜಿ ನನ್ನ ಉತ್ತರಕ್ಕೆ ಒಂದು ತಿಂಗಳು ಕಾದಳಂತೆ. ಸಾರ್ ಬರಲಿ ಇರಿ ಅತ್ತೆ ಅಂತ ಸೊಸೆ ಗೋಗರೆದಿದ್ದಳಂತೆ. ಅವನು ಬಂದರೂ ಇದನ್ನೇ ತಾನೇ ಹೇಳೋದು ಅಂತ ಅಜ್ಜಿ ಅರ್ಧಕ್ಕೆ ಹಾಕಿದಳು.

ಚಿಕ್ಕಬಳ್ಳಾಪುರಕ್ಕೆ ನಾನೇ ಕರ್ಕೊಂಡು ಹೋದೆ. ಹೋಗಬೇಕಾಗಿದ್ದು ಆರು ತಿಂಗಳು ಮೊದಲು. ಎಡಗಣ್ಣು ಹುಣ್ಣಾಗಿ ಪೂರ್ತಿ ಹೋಗಿದೆ, ಏನೂ ಮಾಡೋ ಹಂಗಿಲ್ಲ ಅಂದರು ಡಾಕ್ಟರು. ಬಲಗಣ್ಣಿನ ಪೊರೆ ತೆಗೆದರು. ಕಣ್ಣಿನ ಪಟ್ಟಿ ಬಿಚ್ಚಿ ಕನ್ನಡಕ ಹಾಕಿದ ದಿನ ಅಜ್ಜಿ ಸೊಸೆಯ ಕೈ ಹಿಡ್ಕೊಂಡು, ಕಾಯಿ ಹುಳ ಆರಿಸ್ತಿದ್ದೆ ಅಂತ ನಂಗೆ ಗೊತ್ತಿತ್ತು ಕಣಮ್ಮಾ, ನೀನು ವಾಪಸ್ ಹಾಕೋ ಸದ್ದು ಕೇಳ್ತಿತ್ತು ಅಂದಳು. ಸೊಸೆ ಅತ್ತುಬಿಟ್ಟಳು. ನಾನು ವರಾಂಡಕ್ಕೆ ಹೋಗಿ ನಿಂತೆ.

ಅಲ್ಲಿಂದ ಮುಂದೆ ಅಜ್ಜಿಯೇ ಒಂದು ಪೇಪರ್ ಆದಳು. ಯಾರಾದರೂ ಇಂಥ ಮದ್ದು ಬಂದಿದೆಯಂತೆ ಅಂದರೆ ಸಾಕು, ಕನ್ನಡಕ ತೆಗೆದು ಎಡಗಡೆ ಬೆರಳಿಟ್ಟು “ಇದು ಹಾಕಿದ್ದು” ಅನ್ನೋಳು, ಬಲಗಡೆ ಬೆರಳಿಟ್ಟು “ಇದು ಬಿಟ್ಟಿದ್ದು” ಅನ್ನೋಳು. ನಾನು ಆ ವರದಿಗಾರನನ್ನ ಹುಡುಕಿ ಇದನ್ನೂ ಬರೀರಿ ಅಂತ ಕೇಳಿದೆ. ಕಣ್ಣು ಬಂದಿದ್ದರೆ ಸುದ್ದಿ ಆಗ್ತಿತ್ತು ಸಾರ್, ಹೋಗಿದ್ದನ್ನ ಏನಂತ ಬರೀಲಿ ಅಂದ. ಅಜ್ಜಿಗೆ ಹೇಳಿದರೆ, ಬರೀದಿದ್ರೆ ಬಿಡು, ನಿಂದು ಗೋಡೆ ಮೇಲಿದೆ, ನಂದು ಮುಖದ ಮೇಲಿದೆ ಅಂತ ನಕ್ಕಳು.

ಆ ಮಾತು ಕೇಳಿದ ಮೇಲೆ ಗೋಡೆ ನೋಡೋಕೆ ನನ್ನ ಕೈಲಾಗಲಿಲ್ಲ. ಫ್ರೇಮ್ ಇಳಿಸಿ ಸೈಕಲ್ಲಿಗೆ ಕಟ್ಕೊಂಡು ಅಜ್ಜಿಯ ಹುಳು ಮನೆಗೇ ಹೋದೆ. ಇದು ಸುಳ್ಳು ಅಜ್ಜಿ, ನಾನು ಏನೂ ಕಂಡುಹಿಡಿದಿಲ್ಲ, ಹೆಸರು ಬಂತಲ್ಲ ಅಂತ ಸುಮ್ಮನಿದ್ದೆ ಅಂದೆ. ಸೊಪ್ಪು ಹೆಚ್ಚೋದನ್ನ ಬಿಟ್ಟು ಅವಳು ತಲೆ ಎತ್ತಲಿಲ್ಲ.

“ಗೊತ್ತು ನಾಯನಾ. ಸುಣ್ಣ ನಮ್ಮಪ್ಪನೂ ಹಾಕ್ತಿದ್ದ.”

ನನಗೆ ತಡೆಯೋಕಾಗಲಿಲ್ಲ. ಅದೇ ಪೇಪರ್ ಸುಳ್ಳು ಹೇಳಿದ್ದು ಗೊತ್ತಿದ್ದೂ ಕಣ್ಣಿನ ವಿಷಯ ಯಾಕೆ ನಂಬಿದೆ ಅಜ್ಜಿ ಅಂತ ಕೇಳಿದೆ.

“ಸುಣ್ಣ ನಂಗೊತ್ತಿತ್ತು. ಕಣ್ಣು ನಂಗೇನು ಗೊತ್ತು?” ಅಂದಳು. ಆಮೇಲೆ, “ಗೊತ್ತಿರೋನು ನೀನು. ನಿನ್ನ ಕೇಳ್ದೆ” ಅಂದಳು. ಬೈಯೋ ದನಿ ಅಲ್ಲ ಅದು. ಬೈದಿದ್ದರೆ ಚೆನ್ನಾಗಿತ್ತು.

ಅಜ್ಜಿ ಫ್ರೇಮ್ ಇಸ್ಕೊಂಡು, ಹಿಂದಿನ ರಟ್ಟು ಬಿಚ್ಚಿ, ಪೇಪರ್ ತುಂಡು ಹೊರಗೆ ತೆಗೆದು, ಕನ್ನಡಕದ ಹತ್ತಿರ ಹಿಡಿದು ನನ್ನ ಫೋಟೋ ನೋಡಿದಳು. ಚೆನ್ನಾಗಿದ್ದೀಯ ಅಂದಳು. ಆವತ್ತೇ ಮೊಟ್ಟೆಯಿಂದ ಹೊರಬಂದ ಮರಿ ಹುಳಗಳಿದ್ದವು. ತುಂಡನ್ನ ಚಿಕ್ಕ ತಟ್ಟೆಗೆ ಹಾಸಿ, ನನ್ನ ಮುಖದ ಮೇಲೆ ಸಣ್ಣಗೆ ಹೆಚ್ಚಿದ ಸೊಪ್ಪು ಉದುರಿಸಿ, ಗರಿಯಿಂದ ಹುಳಗಳನ್ನ ಮೆಲ್ಲಗೆ ಅದರ ಮೇಲೆ ಇಳಿಸಿದಳು. ಹಾಳು ಸುಳ್ಳಿನ ಕಾಗದ, ಒಳ್ಳೇ ಹುಳದ ಕೆಳಗೆ ಯಾಕಜ್ಜೀ ಅಂದೆ.

“ಹೆದರ್ಕೋಬೇಡ ನಾಯನಾ,” ಅಂದಳು ಅಜ್ಜಿ, “ಇವಕ್ಕೆ ಓದೋಕೆ ಬರಲ್ಲ.”