ಮೇಲಿನ ವಾಡಿಗೇನು ಕಡಿಮಿ?

ಎಲ್ಲ ಅನಾಹುತಕ್ಕೂ ಮೂಲ ಒಂದು ಡಬ್ಬಿ. ಅದು ಕಲ್ಲಣ್ಣನ ಮನೆಗೆ "ಬಂದರೂ ಬರಬಹುದು" ಎಂದು ಸರಪಂಚರು ಹೇಳಿದ್ದರು. ಕಲ್ಲಣ್ಣ ಮನೆ ಮುಟ್ಟುವಷ್ಟರಲ್ಲಿ ಅದನ್ನು "ಬಂದೇ ಬಿಟ್ಟಿತು" ಎಂದು ಮಾಡಿಕೊಂಡಿದ್ದ.

ಊರೂರಿನ ಜನರನ್ನು ಜೊತೆಗೆ ಹಾಕಿಕೊಂಡು ಇಂಟರ್ನೆಟ್ ಇಲ್ಲದ ಕಡೆ ಪುಕ್ಕಟೆ ವೈಫೈ ಕೊಡುವ ಕೆಲಸ ರಾಜ್ಯದ ತುಂಬ ನಡೆದಿತ್ತು. ಅದನ್ನು ನಡೆಸುವ ಸಂಸ್ಥೆಯವರು ಸೊಲ್ಲಾಪುರದಿಂದ ಬರುವವರಿದ್ದರು. ತಡವಳ ಊರಿನ ಆಚೆ ಇರುವ ಮೇಲಿನ ವಾಡಿ, ಕೆಳಗಿನ ವಾಡಿ ಎಂಬ ಎರಡು ಸಣ್ಣ ಹಳ್ಳಿಗಳಲ್ಲಿ ಎಲ್ಲಿ ತ್ರಾಸು ಹೆಚ್ಚೋ ಅಲ್ಲಿಗೆ ವೈಫೈ ಡಬ್ಬಿ, ಜೊತೆಗೆ ಕಂಪ್ಯೂಟರ್, ಮೊಬೈಲ್ ಕಲಿಸುವ ಒಬ್ಬರು. ಊರವರು ಕೊಡಬೇಕಾದದ್ದು ಜನ ಕೂಡುವಂಥ ಒಂದು ಜಾಗ. ಮೇಲಿನ ವಾಡಿಯಲ್ಲಿ ಅಂಥ ಜಾಗವೆಂದರೆ ಕಲ್ಲಣ್ಣನ ಮನೆಯ ಕಟ್ಟೆ.

ಕಲ್ಲಣ್ಣನಿಗೆ ಇಂಟರ್ನೆಟ್ಟಿನ ಮೇಲೆ ಎಳ್ಳಷ್ಟೂ ಆಸೆ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಜನ. ಒಂದು ಕಾಲಕ್ಕೆ ಇಡೀ ವಾಡಿಗೆ ಇದ್ದದ್ದು ಒಂದೇ ಫೋನು, ಅದು ಇದ್ದದ್ದು ಅವನ ಪಡಸಾಲೆಯ ಗೂಡಿನಲ್ಲಿ. ಪುಣೆಯಿಂದಲೋ ಮುಂಬೈಯಿಂದಲೋ ಫೋನು ಬಂದರೆ ಅವನು ಕಟ್ಟೆಯ ಮೇಲೆ ನಿಂತು ಹೆಸರು ಹಿಡಿದು ಕೂಗುತ್ತಿದ್ದ. ಹಾಲು ಹಿಂಡುತ್ತಿದ್ದವರು ಚರಿಗೆ ಅಲ್ಲೇ ಇಟ್ಟು ಓಡಿ ಬರುತ್ತಿದ್ದರು. ಮಾತಾಡುವವರು ಒಬ್ಬರಾದರೆ ಕೇಳಿಸಿಕೊಳ್ಳುವವರು ಕಟ್ಟೆ ತುಂಬ. ಪಕ್ಕದ ಮನೆಯ ಕಲ್ಯಾಣಮ್ಮನ ಮಗಳ ಲಗ್ನ ಗೊತ್ತಾದದ್ದು ಆ ಫೋನಿನಲ್ಲೇ. ಬೀಗರು ಕೇಳಿದ್ದು ಕಲ್ಯಾಣಮ್ಮನನ್ನು, ಹೊರಗಿನಿಂದ "ಹ್ಞೂಂ ಅನ್ನು" ಎಂದು ಒಪ್ಪಿಗೆ ಕೊಟ್ಟದ್ದು ಎದುರುಮನೆಯ ಮರೆಪ್ಪ. ಫೋನು ಬಾರದ ದಿನವೂ ಜನ ಬರುತ್ತಿದ್ದರು, ಬಂದೀತೆಂದು ಕಾಯುತ್ತ ಕೂತು ಚಹಾ ಕುಡಿದು ಹೋಗುತ್ತಿದ್ದರು. ಹಾಗೆ ಕಾಯುವುದರಲ್ಲೇ ಒಂದು ಸುಖವಿತ್ತು.

ಆಮೇಲೆ ಎಲ್ಲರ ಕಿಸೆಗೂ ಮೊಬೈಲ್ ಬಂತು. ವಾಡಿಯಲ್ಲಿ ರೇಂಜ್ ಸಿಗುವುದು ನೀರಿನ ಟಾಕಿಯ ಮೇಲೆ ಮಾತ್ರ, ಹೀಗಾಗಿ ಜನ ಕಟ್ಟೆ ಬಿಟ್ಟು ಟಾಕಿ ಹತ್ತಿದರು. ಕಲ್ಲಣ್ಣ ಮಾತ್ರ ದಿನಾ ಸಂಜೆ ಕಟ್ಟೆ ಗುಡಿಸುತ್ತಲೇ ಇದ್ದ. ಕೂತವರಿಲ್ಲದ ಕಟ್ಟೆಯಲ್ಲಿ ಕಸವೂ ಬೀಳುತ್ತಿರಲಿಲ್ಲ.

"ಡಬ್ಬಿ ನಮ್ಮ ಮನಿಗಿ ಬಂತಂದ್ರ ಮಂದಿ ಮತ್ತ ಬರ್ತಾರ ನೋಡು," ಎಂದು ಹೆಂಡತಿ ಗುರಮ್ಮನಿಗೆ ಹೇಳಿದ.

"ಬರ್ತಾರ. ಚಹಾ ಯಾರು ಮಾಡ್ತಾರ?"

"ನೀ ಇದ್ದೀಯಲ್ಲ."

"ಅದಕ್ಕೇ ಕೇಳ್ದೆ," ಎಂದಳು ಗುರಮ್ಮ.

ಸಂಸ್ಥೆಯವರು ಬರುವ ದಿನ ಬೆಳಗಾಗುತ್ತಲೇ ಕಲ್ಲಣ್ಣ ಮನೆಮನೆಗೆ ಹೋದ. ಎಲ್ಲರೂ ಕಟ್ಟೆಗೆ ಬರಬೇಕು, ಬಂದವರೆದುರು ತಮ್ಮ ತಮ್ಮ ತ್ರಾಸು ಹೇಳಿಕೊಳ್ಳಬೇಕು, ಅಷ್ಟೇ ಕೆಲಸ. ಆದರೆ ಹೊರಗಿನವರು ಬರುತ್ತಾರೆಂದರೆ ಮೇಲಿನ ವಾಡಿಯವರಿಗೆ ಸುಮ್ಮನೆ ಕೂಡಲಾಗುವುದಿಲ್ಲ.

ಮೊದಲು ಬಂದವನು ಮರೆಪ್ಪ. ಕಟ್ಟೆಯನ್ನು ಆ ಕಡೆಯಿಂದ ಈ ಕಡೆಯವರೆಗೆ ನೋಡಿ, "ಸೊಲ್ಲಾಪುರದ ಮಂದೀನ್ನ ಈ ಕಲ್ಲಿನ ಮ್ಯಾಲ ಕುಂಡ್ರಸ್ತಿ ಏನು?" ಎಂದ. ತಾನೇ ಮನೆಗೆ ಹೋಗಿ ಮಗನ ಲಗ್ನದಲ್ಲಿ ಬಂದ ಹೊಸ ಚಾದರಗಳನ್ನೆಲ್ಲ ತಂದು ಹಾಸಿದ. ಕಲ್ಯಾಣಮ್ಮ ಬಂದು, "ಬರೇ ಚಹಾದ ಮ್ಯಾಲ ಕಳಿಸಿದ್ರ ನಾಳಿ ಕೆಳಗಿನ ವಾಡಿಯವರು ನಮ್ಮನ್ನ ನೋಡಿ ನಗ್ತಾರ," ಎಂದು ಗುರಮ್ಮನ ಒಲೆಯನ್ನು ವಶಪಡಿಸಿಕೊಂಡು ಶೇಂಗಾ ಹೋಳಿಗೆಗೆ ಕೂತಳು. ಟಮ್‌ಟಮ್ ಓಡಿಸುವ ಯೋಗಿರಾಜ ಅಕ್ಕಲಕೋಟೆಗೆ ಹೋಗಿ ಫೇಟಾ, ತೆಂಗಿನಕಾಯಿ, ಹಾರ ತಂದ. ಮಧ್ಯಾಹ್ನದ ಹೊತ್ತಿಗೆ ಕಟ್ಟೆ ಲಗ್ನದ ಹಂದರದಂತೆ ಕಾಣತೊಡಗಿತು.

ಕಲ್ಲಣ್ಣನಿಗೆ ಯಾಕೋ ಅಳುಕಾಯಿತು. "ಅಲ್ಲೋ ಮರೆಪ್ಪಾ, ನಾವು ಇಲ್ಲದವರು ಅಂತ ತೋರಸಬೇಕಾಗ್ಯದ."

"ಇಲ್ಲದವರು ಅಂದ್ರ? ನಮಗಿಲ್ಲದ್ದು ನೆಟ್. ಅದಕ್ಕ ಊರ ಮಾನ ಯಾಕ ಕಳಕೋಬೇಕು?"

ಮಾತು ಸರಿಯೆನಿಸಿತು. ಮರೆಪ್ಪನ ಮಾತು ಆಡಿದ ಹೊತ್ತಿಗೆ ಯಾವಾಗಲೂ ಸರಿಯೇ ಇರುತ್ತದೆ.

ಬರುವವರು ತಡಮಾಡಿದರು. ಕಾಯುತ್ತ ಕೂತ ಜನಕ್ಕೆ ಬೇರೆ ಕೆಲಸವಿರಲಿಲ್ಲ, ಕಟ್ಟೆಯ ಮೇಲೆ ರೇಂಜೂ ಇರಲಿಲ್ಲ. ಹಾಗಾಗಿ ಮಾತಿಗೆ ಕೂತರು. ಹಳೆಯ ಫೋನಿನ ಸುದ್ದಿ ಬಂತು. ತಂತಿಯೊಳಗೆ ಧ್ವನಿ ಸಿಕ್ಕಿಕೊಂಡೀತೆಂದು ಮರೆಪ್ಪ ಫೋನನ್ನು ಝಾಡಿಸಿ ಝಾಡಿಸಿ ಮಾತಾಡುತ್ತಿದ್ದದ್ದನ್ನು ಯಾರೋ ಮಾಡಿ ತೋರಿಸಿದರು. ದೂರದ ಮುಂಬೈಗೆ ಕೇಳಬೇಕೆಂದು ಕಲ್ಯಾಣಮ್ಮ ಒದರಿದ್ದಕ್ಕೆ ಎತ್ತು ಕಣ್ಣಿ ಹರಿದುಕೊಂಡು ಹೋದದ್ದನ್ನು ಅವಳೇ ಹೇಳಿ ನಕ್ಕಳು. ಕಲ್ಲಣ್ಣ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ. ಎಷ್ಟೋ ವರ್ಷಗಳ ಮೇಲೆ ಅವನ ಎದೆ ತುಂಬಿ ಬಂದಿತ್ತು. ಸಂಸ್ಥೆಯವರು ಇನ್ನೂ ಸ್ವಲ್ಪ ತಡಮಾಡಿದರೆ ಒಳ್ಳೆಯದು ಎಂದು ಕೂಡ ಅನ್ನಿಸಿತು.

ಕೊನೆಗೂ ಜೀಪು ಬಂತು. ಇಳಿದವಳು ಪ್ರಣಿತಾ ಎಂಬ ಹುಡುಗಿ. ಸೊಲ್ಲಾಪುರದ ವ್ಯಾಪಾರಿ ಮನೆತನ, ಕಲಿತದ್ದು ಮರಾಠಿ, ಮನೆಮಾತು ಕನ್ನಡ. ಅವಳು ನಮಸ್ಕಾರ ಎನ್ನುವಷ್ಟರಲ್ಲಿ ಯೋಗಿರಾಜ ತಲೆಗೆ ಫೇಟಾ ಸುತ್ತಿಬಿಟ್ಟ. ಫೇಟಾ ಕಣ್ಣಿನ ಮೇಲೆ ಜಾರಿತು, ಕೊರಳಿಗೆ ಹಾರ ಬಿತ್ತು, ಮುಂದೆ ಹೋಳಿಗೆಯ ತಾಟು ಬಂತು.

ಹೋಳಿಗೆ ಮುಗಿಸಿ, ಫೇಟಾ ಹಿಂದೆ ಸರಿಸಿಕೊಂಡು ಪ್ರಣಿತಾ ಕಲ್ಯಾಣಮ್ಮನನ್ನು ಕೇಳಿದಳು. "ಮಾವಶೀ, ಇಲ್ಲಿ ಮೊಬೈಲಿಗಿ ರೇಂಜ್ ಬರ್ತದೇನ್ರಿ?"

ಕಲ್ಯಾಣಮ್ಮನದು ಕಣಜದ ಜೋಳ ಮುಗಿದರೂ "ಹೆಚ್ಚಾಗ್ಯಾವ" ಎನ್ನುವ ಮನೆತನ. ಹೊರಗಿನವರೆದುರು "ಇಲ್ಲ" ಎಂಬ ಮಾತು ಅವಳ ಬಾಯಲ್ಲಿ ಬಂದದ್ದೇ ಇಲ್ಲ. "ಬರದೇನ್ರಿ ತಾಯಿ. ಮನ್ಯಾಗ, ಹೊಲದಾಗ, ಎಲ್ಲಾ ಕಡಿ ಭರಪೂರ ಬರ್ತದ," ಎಂದಳು.

ಕಲ್ಲಣ್ಣ ಕೆಮ್ಮಿದ.

"ಮತ್ತ ಆ ಟಾಕಿ ಮ್ಯಾಲ ಯಾರ್ರಿ ಅವರು?" ಪ್ರಣಿತಾ ದೂರಕ್ಕೆ ಕೈ ಮಾಡಿದಳು. ಟಾಕಿಯ ತುದಿಯಲ್ಲಿ ವಾಡಿಯ ಹುಡುಗ ಸೋಮು ಮೊಬೈಲು ಎತ್ತಿ ಹಿಡಿದು ನಿಂತಿದ್ದ.

"ಟಾಕಿ ತೊಳ್ಯಾಕತ್ಯಾನ್ರಿ," ಎಂದ ಮರೆಪ್ಪ. "ನಮ್ಮ ವಾಡ್ಯಾಗ ದಿನಾ ತೊಳಿತಾರ."

"ಕೈಯಾಗ ಮೊಬೈಲ್ ಅದಲ್ರಿ?"

"ಇನ್ನೊಂದು ಕೈಲೆ ತೊಳಿತಾನ್ರಿ."

ಕಲ್ಲಣ್ಣ ಇನ್ನೂ ಜೋರಾಗಿ ಕೆಮ್ಮಿ ಮರೆಪ್ಪನ ಧೋತರ ಜಗ್ಗಿದ. ಮರೆಪ್ಪ ಅವನ ಬೆನ್ನು ಸವರುತ್ತ, "ಇವಂಗ ಜರಾ ಖೋಕಲಾ ಅದರಿ. ಕಾಳಜಿ ಇಲ್ಲ, ದವಾಖಾನಿ ಸುದ್ದಾ ಹತ್ತಿರಾನೇ ಅದ," ಎಂದ.

"ಬೆಳಿ ವಿಮಾ, ಸಾಲಿ ಫಾರ್ಮ್, ಎಲ್ಲಾ ಈಗ ಆನ್‌ಲೈನ್ ಆಗ್ಯದ. ತ್ರಾಸ ಆಗಂಗಿಲ್ಲೇನ್ರಿ?"

"ಯಾತರ ತ್ರಾಸರಿ ಮ್ಯಾಡಮ್?" ಎಂದ ಯೋಗಿರಾಜ. "ನನ್ನ ಗಾಡಿ ಅದ. ಅಕ್ಕಲಕೋಟಿಗಿ ಒಯ್ದು ಮಾಡಿಸ್ಕೊಂಡ ಬರ್ತೀನಿ."

ಎಲ್ಲರೂ ತಲೆಯಾಡಿಸಿದರು. ಒಬ್ಬರಿಗಿಂತ ಒಬ್ಬರು ಸುಖಿಗಳು. ಕಲ್ಲಣ್ಣನನ್ನು ಗೆಲ್ಲಿಸಬೇಕೆಂದೇ ಅವರು ಊರನ್ನು ಹೊಗಳುತ್ತಿದ್ದರು, ಒಳ್ಳೆಯ ಊರಿಗೇ ಅಲ್ಲವೇ ಯಾರಾದರೂ ಏನಾದರೂ ಕೊಡುವುದು?

ಕೊನೆಗೆ ಪ್ರಣಿತಾ ಕಲ್ಲಣ್ಣನ ಕಡೆ ತಿರುಗಿದಳು. "ಕಾಕಾ, ಜಾಗಾ ಕೊಡೋರು ನೀವು. ನೀವೇ ಖರೇ ಹೇಳ್ರಿ. ನಿಮಗೇನು ಕಡಿಮಿ ಅದ?"

ಕಡಿಮೆ ಇದ್ದದ್ದು ಏನೆಂದು ಕಲ್ಲಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಸಂಜೆಯಾದರೆ ಈ ಕಟ್ಟೆಯ ಕಡೆ ಯಾರೂ ಸುಳಿಯುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ಇಡೀ ವಾಡಿ ಅವನ ಬಾಯಿಯನ್ನೇ ನೋಡುತ್ತಿತ್ತು. ಹಾಸಿದ ಚಾದರ, ಮಾಡಿದ ಹೋಳಿಗೆ, ಕಟ್ಟಿದ ಫೇಟಾ ಎಲ್ಲ ಅವನನ್ನೇ ನೋಡುತ್ತಿದ್ದವು. ಕಲ್ಲಣ್ಣ ಎದೆ ಸೆಟೆಸಿದ.

"ನಮಗೇನ್ರಿ ಕಡಿಮಿ? ದೇವರು ಎಲ್ಲಾ ಕೊಟ್ಟಾನ."

ಜನ ಚಪ್ಪಾಳೆ ತಟ್ಟಿದರು. ಕಲ್ಲಣ್ಣನೂ ಅರೆಗಳಿಗೆ ಖುಷಿಪಟ್ಟ, ಆಮೇಲೆ ತಾನು ಹೇಳಿದ್ದೇನೆಂದು ಅವನಿಗೆ ಹೊಳೆಯಿತು.

"ಇಂಥಾ ಸುಖದ ಊರು ನಾ ನೋಡೇ ಇಲ್ಲರಿ," ಎಂದು ಪ್ರಣಿತಾ ಎದ್ದಳು. "ಮುಂಜಾನಿ ಕೆಳಗಿನ ವಾಡಿಗಿ ಹೋಗಿದ್ವಿ. ಪಾಪ, ಕುಂಡ್ರಾಕ ಹರಕ ಗೋಣಿ ತಟ್ಟು ಹಾಸಿದ್ರು. ಚಹಾಕ್ಕ ಸಕ್ರಿ ಸುದ್ದಾ ಇಲ್ಲ. ಎಲ್ಲಾರೂ ಕಣ್ಣಾಗ ನೀರು ತಂದ್ರು. ಡಬ್ಬಿ ಅವರಿಗೇ ಹಾಕ್ತೀವಿ. ನಿಮ್ಮದೇನೂ ಬೇಜಾರ ಇಲ್ಲಲ್ರಿ?"

"ಛೇ, ಬೇಜಾರ ಯಾಕ್ರಿ," ಎಂದರು ಎಲ್ಲರೂ, ಮತ್ತೊಂದಿಷ್ಟು ಹೋಳಿಗೆ ಕಟ್ಟಿ ಜೀಪಿನಲ್ಲಿಟ್ಟರು.

ಜೀಪಿನ ಧೂಳು ಅಡಗಿದ ಮೇಲೆ ಮರೆಪ್ಪ ಚಾದರ ಮಡಚುತ್ತ, "ಹೋಗ್ಲಿ ಬಿಡು, ಊರ ಮಾನ ಉಳೀತು," ಎಂದ. ಎಲ್ಲರೂ ಟಾಕಿಯ ಕಡೆ ನಡೆದರು. ಕಲ್ಲಣ್ಣ ಆ ಸಂಜೆ ಕಟ್ಟೆ ಗುಡಿಸಿದ. ಕಸ ಬೇಕಾದಷ್ಟಿತ್ತು. ಅದನ್ನು ಬೇಗ ಗುಡಿಸಲು ಅವನಿಗೆ ಮನಸ್ಸೇ ಬರಲಿಲ್ಲ.

ತಿಂಗಳು ಕಳೆಯುವುದರೊಳಗೆ ಕೆಳಗಿನ ವಾಡಿಗೆ ವೈಫೈ ಬಂತು. ಒಂದು ಬೆಳಗ್ಗೆ ಕಲ್ಲಣ್ಣ ಏಳುವಾಗ ಹೊರಗೆ ಗಲಗಲ ಮಾತು ಕೇಳಿಸಿತು. ಬಾಗಿಲು ತೆರೆದರೆ ಕಟ್ಟೆಯ ತುಂಬ ಜನ. ಮರೆಪ್ಪ, ಕಲ್ಯಾಣಮ್ಮ, ಸೋಮು, ಎಲ್ಲರೂ ಮೊದಲಿನ ಹಾಗೆ ಕೂತು ನಗುತ್ತಿದ್ದರು. ಕಲ್ಲಣ್ಣನಿಗೆ ಕಣ್ಣೀರೇ ಬಂತು.

"ಗುರಮ್ಮಾ, ಚಹಾ ಇಡು. ಮಂದಿ ಬಂದಾರ."

ಗುರಮ್ಮ ಆಗಲೇ ಚಹಾ ಮಾಡಿಟ್ಟಿದ್ದಳು. ಕಲ್ಲಣ್ಣ ತಾನೇ ಎಲ್ಲರಿಗೂ ಹಂಚಿದ, ಸಕ್ಕರೆ ಹೆಚ್ಚು ಬೇಕೇ ಎಂದು ಉಪಚಾರ ಮಾಡಿದ. ಮರೆಪ್ಪನ ಪಕ್ಕದಲ್ಲಿ ಕೂತು ಹಳೆಯದೊಂದು ಸುದ್ದಿ ತೆಗೆಯುವಷ್ಟರಲ್ಲಿ ಯೋಗಿರಾಜನ ಟಮ್‌ಟಮ್ ಬಂದು ನಿಂತಿತು. ಜನ ಕಪ್ಪು ಕೆಳಗಿಟ್ಟು ಒಬ್ಬೊಬ್ಬರಾಗಿ ಎದ್ದರು.

"ಎಲ್ಲಿಗಿ ನಡದ್ರಿ?" ಎಂದ ಕಲ್ಲಣ್ಣ.

"ಕೆಳಗಿನ ವಾಡಿಗಿ, ಕಾಕಾ," ಎಂದ ಯೋಗಿರಾಜ. "ಅಲ್ಲಿ ನೆಟ್ ಛಲೋ ಅದ. ಇನ್ನ ದಿನಾ ಫೇರಿ ಮಾಡ್ತೀನಿ. ಗಾಡಿ ಇಲ್ಲೇ ನಿಂದರ್ತದ. ಕಾಯೋರಿಗಿ ನಿಮ್ಮ ಕಟ್ಟಿ ಛಲೋ ಆಯ್ತು."

ಹಿಂದಿನಿಂದ ಇಳಕಲ್ ಸೀರೆಯ ಸರಬರ ಸದ್ದು ಬಂತು. ಗುರಮ್ಮ ಚಹಾದ ಕಿಟಲಿಯನ್ನು ಗಂಡನ ಕೈಗಿಟ್ಟು ಟಮ್‌ಟಮ್ ಹತ್ತಿದಳು. ಕಲ್ಯಾಣಮ್ಮ ಸರಿದು ಜಾಗ ಕೊಟ್ಟಳು.

"ನೀ ಎಲ್ಲಿಗಿ?"

"ಹೆಂಗಸರಿಗಿ ಅಲ್ಲಿ ಮೊಬೈಲ್ ಕಲಸ್ತಾರಂತ. ಪುಕ್ಕಟ," ಎಂದಳು ಗುರಮ್ಮ. "ಕಪ್ಪು ತೊಳದಿಡ್ರಿ. ಸಂಜಿಗಿ ಗಾಡಿ ಇಳಿದವರಿಗಿ ಮತ್ತ ಚಹಾ ಬೇಕಾಗ್ತದ."

ಗಾಡಿ ಹೋಯಿತು. ಕಲ್ಲಣ್ಣ ಕಟ್ಟೆಯ ಮೇಲಿನ ಕಪ್ಪುಗಳನ್ನೆಲ್ಲ ಆರಿಸಿಕೊಂಡು ಒಳಗೆ ಹೋದ. ಸಂಜೆಯ ಚಹಾಕ್ಕೆಂದು ಒಂದೊಂದೇ ಡಬ್ಬಿ ತೆಗೆದು ನೋಡತೊಡಗಿದ. ಆ ಮನೆಯಲ್ಲಿ ಸಕ್ಕರೆ ಎಲ್ಲಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.