ಭಾಗ್ಯಳ ರಬ್ಬರು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಘನತೆ ಬೇಕು. ಪಕ್ಕದವರ ಟ್ರಾಕ್ಟರು, ಷಡ್ಡಕನ ಹೊಸ ಮನೆ, ಇಂಥವುಗಳ ಮೇಲೆ ಪಟ್ಟರೆ ಜನ ಒಪ್ಪುತ್ತಾರೆ. ನಾನು ಕಂಪ್ಯೂಟರಿನ ಮೇಲೆ ಪಟ್ಟವನು.

ಬೆಳಗೊಳದ ಸುತ್ತಮುತ್ತ ಕೆಟ್ಟು ನಿಂತ ಪಂಪ್‌ಸೆಟ್ಟುಗಳೆಲ್ಲ ನನ್ನ ಕೈ ತಾಗಿ ಎದ್ದಿವೆ. ನಡುಮನೆಯಲ್ಲಿದ್ದ ನನ್ನ ಹೆಂಡತಿಯ ಕಂಪ್ಯೂಟರ್ ಮಾತ್ರ ನನ್ನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಭಾಗ್ಯ ಅದರಲ್ಲಿ ಊರವರಿಗೆ ಅರ್ಜಿ ಬರೆದುಕೊಡುತ್ತಿದ್ದಳು. ಬಿಡುವಾದಾಗ ತಾನು ಹಾಡುವ ಸೋಬಾನೆ ಪದಗಳನ್ನು ಟೈಪು ಮಾಡುತ್ತಿದ್ದಳು. ಆ ಕಂಪ್ಯೂಟರಿಗೆ ಆಗಾಗ ಹಟ. ಗುಂಡಿ ಒತ್ತಿದರೆ ಮೂರು ಸಲ ಕೂಗಿ, ಪರದೆ ಕಪ್ಪಗೇ ಉಳಿಯುವುದು. ಅವಳು ಪಕ್ಕದ ಮುಚ್ಚಳ ಬಿಚ್ಚಿ, ಒಳಗೆ ಕೈಹಾಕಿ ಏನೋ ಮಾಡಿ, "ಏಳು ಮಗಾ, ಏಳು" ಅನ್ನುವಳು. ಎದ್ದುಬಿಡುವುದು. ನನ್ನನ್ನು ಒಂದು ದಿನವೂ ಅಷ್ಟು ನಯವಾಗಿ ಎಬ್ಬಿಸಿದವಳಲ್ಲ. ಆ ಉರಿಗೆ, ಅವಳು ಒಳಗೆ ಮಾಡುವುದೇನೆಂದು ನಾನು ಬಗ್ಗಿಯೂ ನೋಡಲಿಲ್ಲ.

ಅವಳು ತೀರಿಹೋಗಿ ವರ್ಷ ಕಳೆಯಿತು. ಈ ಸಲದ ಆಯುಧಪೂಜೆಗೆ ಕಂಪ್ಯೂಟರಿನ ಪೂಜಾರಿ ನಾನೇ. ಅವಳು ಹೊದಿಕೆಯ ಬಟ್ಟೆಗೆ ಒಂದು ಬೊಟ್ಟಿಟ್ಟು ಮುಗಿಸುತ್ತಿದ್ದಳು. ನಾನು ಅವಳಿಗಿಂತ ಕಡಿಮೆಯಾಗಬಾರದೆಂದು ಪಂಪ್‌ಸೆಟ್ಟಿಗೆ ಮಾಡುವಂತೆ ವಿಭೂತಿ ಬಳಿದು, ಕುಂಕುಮ ಎರಚಿ, ಕೈಮುಗಿದೆ. ಮರುದಿನ ಗುಂಡಿ ಒತ್ತಿದರೆ ಮೂರು ಕೂಗು, ಕಪ್ಪು ಪರದೆ.

ಬರುವ ವಾರ ಶೀಳನೆರೆಯಲ್ಲಿ ನಾದಿನಿಯ ಮಗಳ ಮದುವೆ. "ಭಾವ, ಅಕ್ಕನ ಪದಗೋಳ ಮರೀದೆ ತನ್ನಿ. ಅವಿಲ್ದೆ ಹಸೆ ಮ್ಯಾಲೆ ಕೂರಾಕಿಲ್ಲ ಅಂತಾವ್ಳೆ ಮಗ್ಳು" ಅಂದಿದ್ದಳು ನಾದಿನಿ. ಅವು ಇರುವುದು ಆ ಡಬ್ಬದಲ್ಲಿ ಮಾತ್ರ. "ಏಳು ಮಗಾ" ಅಂದೆ. ಕೂಗಿತು. ನೆತ್ತಿಗೆ ಎರಡು ಬಡಿದೆ. ಮತ್ತೂ ಕೂಗಿತು.

ಸೋತು, ಎದುರುಮನೆಯಲ್ಲಿ ಬಟ್ಟೆ ಹೊಲಿಯುವ ಪುಟ್ಟಲಕ್ಷ್ಮಿಯನ್ನು ಕರೆದೆ. ಭಾಗ್ಯಳ ಜೊತೆ ದಿನಾ ಕೂತು ಹರಟುತ್ತಿದ್ದವಳು. ಮುಚ್ಚಳ ಬಿಚ್ಚಿದವಳೇ ಸೆರಗು ಬಾಯಿಗಿಟ್ಟುಕೊಂಡಳು.

"ಅಯ್ಯೋ ಅಣ್ಣಯ್ಯ, ಇದೇನು ಮಾರಮ್ಮನ ಗುಡಿಯಾ? ಅರ್ಧ ಬಟ್ಲು ಕುಂಕುಮ ಒಳ್ಗೇ ಅದೆ!"

ಬ್ರಷ್ಷಿನಿಂದ ಕುಂಕುಮ ಗುಡಿಸಿದಳು. ಒಳಗಿಂದ ಬೆರಳುದ್ದದ ಹಸಿರು ಪಟ್ಟಿಯೊಂದನ್ನು ಕಿತ್ತಳು. ಭಾಗ್ಯಳ ಮೇಜಿನ ಖಾನೆ ಎಳೆದು, ಸವೆದ ಪೆನ್ಸಿಲ್ ರಬ್ಬರು ತೆಗೆದು, ಪಟ್ಟಿಯ ಹೊಳೆಯುವ ಅಂಚನ್ನು ಉಜ್ಜತೊಡಗಿದಳು. ರಬ್ಬರು ಯಾವ ಖಾನೆಯಲ್ಲಿದೆ ಎಂಬುದೂ ಅವಳಿಗೆ ಗೊತ್ತಿತ್ತು!

"ಇದ್ಯಾರು ಹೇಳ್ಕೊಟ್ರು ನಿಂಗೆ?"

"ಅಕ್ಕನೇ ಕಣಣ್ಣಯ್ಯ. ಈ ಮೆಮರಿ ಪಟ್ಟಿ ಅಂಚು ಮಂಕಾದ್ರೆ ಹಿಂಗೇ ಕೂಗ್ತದಂತೆ."

"ನಂಗೆ ಹೇಳ್ಲಿಲ್ವಲ್ಲ?"

"ನಿಮ್ಗೆ ಹೇಳ್ಬ್ಯಾಡ ಅಂದಿತ್ತು. 'ಆವಯ್ಯಂಗೆ ಗೊತ್ತಾದ್ರೆ ಸುತ್ಗೆ ತಕ್ಕೊಂಡು ಬಂದ್ಬುಡ್ತದೆ' ಅನ್ನೋದು."

ನನ್ನ ಹೆಂಡತಿಯ ಗುಟ್ಟು ಎದುರುಮನೆಯಲ್ಲಿ ಬೆಚ್ಚಗಿದ್ದದ್ದು ಕಂಡು ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಯಿತು.

ಪಟ್ಟಿ ಕೂತಿತು, ಪರದೆ ಬೆಳಗಿತು. ಪದಗಳೆಲ್ಲ ಇದ್ದವು, ಕೊನೆಯದು ಅರ್ಧಕ್ಕೆ ನಿಂತಿತ್ತು. ನಾನು ಕಣ್ಣು ಒರೆಸಿಕೊಂಡೆ. "ಕುಂಕುಮದ ಧೂಳು ಬಿತ್ತಾ?" ಅಂದಳು ಪುಟ್ಟಲಕ್ಷ್ಮಿ. ಹೌದು ಅಂದೆ. ಸಂಜೆಯೊಳಗೆ ಅಷ್ಟನ್ನೂ ಇಬ್ಬರೂ ಹಾಳೆಗೆ ಬರೆದುಕೊಂಡೆವು.

ಮರುದಿನ ಅದು ಒಂದೇ ಒತ್ತಿಗೆ ಎದ್ದು ಕೂತಿತು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಆರಿಸಿದೆ. ಮುಚ್ಚಳ ಬಿಚ್ಚಿ, ಏನೂ ಆಗದ ಪಟ್ಟಿಯನ್ನು ಕಿತ್ತು, ರಬ್ಬರಿನಲ್ಲಿ ಭಾಗ್ಯಳ ಬೆರಳು ಸವೆಸಿದ ಮೂಲೆಯನ್ನೇ ಹಿಡಿದು ನಿಧಾನವಾಗಿ ಉಜ್ಜಿ, ಮತ್ತೆ ಕೂರಿಸಿದೆ. "ಏಳು ಮಗಾ" ಅಂದೆ.

ಮೂರು ಸಲ ಕೂಗಿತು.

ಪುಟ್ಟಲಕ್ಷ್ಮಿಗೆ ಇನ್ನೂ ಹೇಳಿಲ್ಲ. ಆದರೆ ಸುತ್ತಿಗೆಯ ಕಡೆ, ಭಾಗ್ಯಳ ಆಣೆ, ತಿರುಗಿಯೂ ನೋಡಿಲ್ಲ.