ಭಾವನ ಕಾರಿನ ಹಳದಿ ದೀಪ

ಕಾರವಾರದಿಂದ ಹೊರಟು ಬಿಣಗಾ ದಾಟುವಷ್ಟರಲ್ಲಿ ಸ್ಟಿಯರಿಂಗಿನ ಹಿಂದೆ ಇಂಜಿನ್ನಿನ ಚಿತ್ರದ ಒಂದು ಹಳದಿ ದೀಪ ಹೊತ್ತಿಕೊಂಡಿತು. ಕಾರು ಓಡಿಸುತ್ತಿದ್ದ ದೇವಿದಾಸ ತಟ್ಟನೆ ಪೆಡಲಿನಿಂದ ಕಾಲೆತ್ತಿದ.

ಕಾರು ಅವನದಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಅದು ಅಕ್ಕನ ಗಂಡ ಶಿವಾನಂದ ಭಾವನದು, ಕೊಂಡು ಎಂಟು ತಿಂಗಳಾಗಿದ್ದ ಟರ್ಬೊ ಕಾರು. ಭಾವ ವಾರದ ಹಿಂದೆ ಕಾರವಾರದಲ್ಲಿ ರೈಲು ಹತ್ತಿ ಮುಂಬಯಿಗೆ ಹೋಗುವಾಗ ಅದನ್ನು ದೇವಿದಾಸನ ಅಂಗಳದಲ್ಲಿ ನಿಲ್ಲಿಸಿ, "ಬರೂವಾಗ ನಾನು ಅಂಕೋಲೆಯಲ್ಲೇ ಇಳೀತೆ. ಸೋಮವಾರ ಹನ್ನೆರಡರೊಳಗೆ ಗಾಡಿ ಬಾಳೆಗುಳಿ ಮನೆಗೆ ಮುಟ್ಟಿಸು. ಅಲ್ಲೀವರೆಗೆ ಎಲ್ಲೂ ತಕೊಂಡು ಹೋಗೂದು ಬೇಡ" ಎಂದು ಬೆರಳೆತ್ತಿ ಹೇಳಿ ಹೋಗಿದ್ದರು.

ಹೈಸ್ಕೂಲಿನ ಗುಮಾಸ್ತ ದೇವಿದಾಸ ಆರು ದಿನ ಆ ಮಾತಿಗೆ ತಪ್ಪಲಿಲ್ಲ. ಏಳನೆಯ ದಿನ ಭಾನುವಾರ. ಹೆಂಡತಿ ವೀಣಾ, "ಅಂಗಳದಲ್ಲಿ ಕಾರು ಇಟ್ಕಂಡು ಬಸ್ಸಿಗೆ ಕಾಯೂದಾ?" ಎಂದಳು. ಬೆಳಿಗ್ಗೆ ಕದ್ರಾ ಅಣೆಕಟ್ಟು, ಸಂಜೆ ಮಾಜಾಳಿ ಸಮುದ್ರ ಎರಡೂ ಆದವು. ಕದ್ರಾದ ಏರಿನಲ್ಲಿ ಟರ್ಬೊ ಹೇಗೆ ಎಳೆಯುತ್ತದೆ ನೋಡೋಣವೆಂದು ಅವನು ಪೆಡಲನ್ನು ಎರಡು ಸಲ ನೆಲಕ್ಕೆ ಒತ್ತಿಯೂ ಇದ್ದ. ಇಂದು ಸೋಮವಾರ, ಭಾವನ ಮನೆಗೆ ಹೊರಟ ದಾರಿಯಲ್ಲಿ ಈ ದೀಪ.

"ದೇವಿದಾಸಾ, ಅದೆಂತದೋ ಹಳದೀದು?" ಪಕ್ಕದ ಸೀಟಿನಲ್ಲಿದ್ದ ಮಂದಾಕಿನಕ್ಕ ಕೇಳಿದಳು. ಅವಳು ನೆರೆಮನೆಯವಳು. ಬಾಳೆಗುಳಿಯ ಮಗಳ ಮನೆಗೆ ಹೋಗಲು ಒಣ ಶೆಟ್ಲಿ ಸಿಗಡಿಯ ಚೀಲ ಮಡಿಲಲ್ಲಿಟ್ಟುಕೊಂಡು, ಕರೆಯುವ ಮೊದಲೇ ಬಂದು ಕೂತಿದ್ದಳು.

"ಅದಾ... ಎಸಿ ಲೈಟು."

"ಎಸಿ ಹಾಕಿದ್ರೆ ನಂಗ್ಯಾಕೆ ಹೀಂಗೆ ಬೆವರು ಬರ್ತದೆ?"

ದೇವಿದಾಸನಿಗೂ ಬೆವರು ಬರುತ್ತಿತ್ತು. ಬಿಸಿ ತೋರಿಸುವ ಮುಳ್ಳು ಮರ ಹತ್ತುವ ಇರುವೆಯ ಹಾಗೆ ನಿಲ್ಲದೆ ಮೇಲೇರುತ್ತಿತ್ತು. ಅಮದಳ್ಳಿಗೆ ಬರುವಾಗ ಕೆಂಪು ದೀಪವೂ ಹೊತ್ತಿ ಕಾರು ಕುಂಯ್ಯೆಂದು ಕೂಗತೊಡಗಿತು. ರಸ್ತೆ ಬದಿಯ ಚಹದಂಗಡಿಯ ಮುಂದೆ ನಿಲ್ಲಿಸಿದರೆ, ಬಾನೆಟ್ಟಿನ ಸಂದಿಯಿಂದ ಇಡ್ಲಿ ಪಾತ್ರೆಯಿಂದ ಬಂದಂತೆ ಉಗಿ!

ಅರೆ ನಿಮಿಷದಲ್ಲಿ ಊರೇ ನೆರೆಯಿತು. ಅಂಗಡಿಯ ಬೊಮ್ಮು, "ಒಂದು ಕೊಡ ತಣ್ಣೀರು ಮೇಲಿಂದ ಹೊಯ್ದುಬಿಡ್ವಾ" ಎಂದು ಕೊಡ ಹಿಡಿದೇ ಬಂದ. ಇನ್ನೊಬ್ಬ ಪೆಟ್ರೋಲ್ ಮುಚ್ಚಳ ಸಡಿಲಾದರೂ ಹಳದಿ ದೀಪ ಬರುತ್ತದೆಂದು ಅದನ್ನು ತಿರುಗಿಸತೊಡಗಿದ. ಮತ್ತೊಬ್ಬ ಹೆಗಲ ಮೇಲಿನ ಟವೆಲು ಸುತ್ತಿ ನೀರಿನ ಮುಚ್ಚಳಕ್ಕೇ ಕೈ ಹಾಕಿದ.

"ಹೇ, ತೆಗೀಬೇಡ! ಮುಖ ಬೆಂದು ಹೋದೀತು!" ಎಂದು ಗದರಿಸಿದವನು ಜಟ್ಟು. ಮೂವತ್ತು ವರ್ಷ ಸರಕಾರಿ ಬಸ್ಸು ಓಡಿಸಿ ನಿವೃತ್ತನಾದವನು. "ಅರ್ಧ ತಾಸು ತಣೀಲಿ. ಆಮೇಲೆ ನೀರು ಹಾಕಿ ಹೀಟರ್ ಪೂರ್ತಿ ಬಿಟ್ಕಂಡು ನಿಧಾನಕ್ಕೆ ಹೋಗು. ಇಂಜಿನ್ನಿನ ಬಿಸಿ ಒಳಗೆ ನಿಮ್ಮ ಮೇಲೆ ಬರ್ತದೆ, ಇಂಜಿನ್ನು ಬದುಕ್ತದೆ. ಅವರ್ಸಾದಲ್ಲಿ ವಿನೋದನ ಗ್ಯಾರೇಜು ಅದೆ."

ಆಗಲೇ ಭಾವನ ಫೋನು ಬಂತು.

"ಎಲ್ಲಿದ್ಯೋ? ಗಾಡಿ ಎಂತಾದ್ರೂ ತ್ರಾಸು ಕೊಟ್ಟಿತನಾ?"

"ಇಲ್ಲ ಭಾವಾ! ಬೆಣ್ಣೆ ಹಾಂಗೆ ಓಡ್ತಾ ಅದೆ."

"ದೀಪ ಗೀಪ?"

"ಒಂದೂ ಇಲ್ಲ!"

ಭಾವನ ದನಿ ಇಳಿಯಿತು. "ಹೌದಾ... ಆಯ್ತು, ಬಾ" ಎಂದು ಫೋನಿಟ್ಟರು. ಕದ್ರಾದ ಸುದ್ದಿ ಅವರಿಗೆ ಮುಟ್ಟಿದೆ ಎಂದೇ ದೇವಿದಾಸನಿಗೆ ಅನಿಸಿತು.

ಮೇ ತಿಂಗಳ ಬಿಸಿಲಿನಲ್ಲಿ ಹೀಟರು ಹಾಕಿಕೊಂಡು ಹೊರಟ ಕಾರು ಭಟ್ಟಿಯಾಯಿತು. ಶೆಟ್ಲಿಯ ವಾಸನೆ ಸೀಟು, ಚಾವಣಿ, ಮೂಗು, ಗಂಟಲು ಎಲ್ಲದಕ್ಕೂ ಹತ್ತಿತು. ಮಂದಾಕಿನಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಒಣಗಿದ್ದನ್ನ ಮತ್ತೂ ಒಣಗಿಸ್ತಿಯಲ್ಲೋ! ನಾನೂ ಶೆಟ್ಲಿ ಆಗ್ತೆ ಈಗ!" ಎಂದು ಕೂಗುತ್ತಿದ್ದಳು. ದೇವಿದಾಸನಿಗೆ ಮುಳ್ಳಿನ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಅದು ಕೆಂಪಿನ ಅಂಚಿಗೆ ಬರುವುದು, ಇವನು ಉಸಿರು ಹಿಡಿಯುವುದು, ಅದು ಕೂದಲೆಳೆಯಷ್ಟು ಇಳಿಯುವುದು. ಹಟ್ಟಿಕೇರಿ ಸೇತುವೆ ದಾಟುವವರೆಗೆ ಹೀಗೇ ನಡೆಯಿತು.

ಅವರ್ಸಾದಲ್ಲಿ ವಿನೋದ ಸ್ಟಿಯರಿಂಗಿನ ಕೆಳಗೆ ಒಂದು ವಾಯರು ಚುಚ್ಚಿ, ಕೈಯಲ್ಲಿನ ಸ್ಕ್ಯಾನರಿನಲ್ಲಿ ಏನೋ ಓದಿದ. ಆಮೇಲೆ ಟಾರ್ಚು ಹಿಡಿದು ಇಂಜಿನ್ನಿನ ಸಂದಿಗೆ ಇಣುಕಿದ.

"ಕಂಡಿತು. ಟರ್ಬೊ ತಂಪು ಮಾಡೂಕೆ ಕೂಲಂಟ್ ಹೋಗೂ ಪೈಪು ಸೀಳಿದೆ. ಸೋರಿ ಸೋರಿ ನೀರು ಕಮ್ಮಿ ಆಗಿ ಇಂಜಿನ್ ಕಾದದ್ದು."

"ಹನ್ನೆರಡರೊಳಗೆ ಆಗ್ತದನಾ?"

"ಆಗ್ತದೆ. ಕಂಪನಿ ಪೈಪು ನನ್ಹತ್ರ ಇಲ್ಲ, ಬೇರೇದು ಹಾಕಿ ಕ್ಲಿಪ್ಪು ಬಿಗೀತೆ. ದೀಪವನ್ನೂ ಅಳಿಸ್ಲಾ? ಒಳಗಿನ ದಾಖಲೆಯೆಲ್ಲಾ ಹೋಗ್ತದೆ ಮತ್ತೆ."

"ಎಲ್ಲಾ ಅಳಿಸು ಮಾರಾಯಾ! ಒಂದು ಗುರುತೂ ಉಳೀಬಾರ್ದು!"

ಹಳೆಯ ಪೈಪನ್ನು ದೇವಿದಾಸ ತಾನೇ ಗ್ಯಾರೇಜಿನ ಹಿಂದಿನ ಹಳ್ಳಕ್ಕೆ ಎಸೆದು ಬಂದ. ಬಾನೆಟ್ಟಿನ ಒಳಗಿನ ಕಲೆಗಳನ್ನು ತನ್ನ ಕರವಸ್ತ್ರದಿಂದಲೇ ಒರೆಸಿದ. ಕಾರು ಮತ್ತೆ ಹೊರಟಾಗ ದೀಪವಿಲ್ಲ, ಮುಳ್ಳು ಸಾಧುವಿನ ಹಾಗೆ ನಡುವೆ ಕೂತಿತ್ತು. ಅಂಕೋಲೆ ದಾಟುವಾಗ ದೇವಿದಾಸ ಸಿಳ್ಳೆಯನ್ನೂ ಹಾಕಿದ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಬಾಳೆಗುಳಿ ಮನೆ ಬಂತು. ಗೇಟಿನಲ್ಲಿ ಭಾವನ ಜೊತೆ ಕಂಪನಿಯ ಅಂಗಿ ತೊಟ್ಟ ಯುವಕನೊಬ್ಬ ಲ್ಯಾಪ್‌ಟಾಪು ಹಿಡಿದು ನಿಂತಿದ್ದ. ಕಾರು ನಿಲ್ಲುವ ಮೊದಲೇ ಭಾವ ಬಾಗಿಲು ತೆಗೆದು ಒಳಗೆ ತಲೆ ಹಾಕಿದರು. ಶೆಟ್ಲಿಯ ವಾಸನೆಯನ್ನೂ ಅವರು ಲೆಕ್ಕಿಸಲಿಲ್ಲ.

"ದೀಪ ಎಲ್ಲಿ?"

"ಇಲ್ಲ ಭಾವಾ, ನಾನು ಹೇಳ್ಲಿಲ್ವಾ?"

ಭಾವ ತಲೆಯ ಮೇಲೆ ಕೈ ಹೊತ್ತರು. "ನಾಲ್ಕು ತಿಂಗಳಿಂದ ಬಂದು ಬಂದು ಹೋಗ್ತಾ ಅದೆಯೋ ಆ ಹಳದಿ ದೀಪ! ಷೋರೂಮಿಗೆ ಹೋದ ಕೂಡ್ಲೆ ಆರ್ತದೆ, ಅವ್ರು ನನ್ನ ಮಾತು ನಂಬೂದಿಲ್ಲ. ಜಗಳ ಮಾಡಿ ಇವತ್ತು ಹುಬ್ಬಳ್ಳಿಯಿಂದ ಈ ಇಂಜಿನಿಯರ್ ಸಂದೇಶನನ್ನ ಕರೆಸಿದ್ದೆ. ದೋಷ ಕಣ್ಣಿಗೆ ಕಂಡ್ರೆ ಬೇರೆ ಕಾರೇ ಕೊಡ್ತೇವೆ ಹೇಳಿದ್ರು!"

"ನಂಗೆ ಮೊದ್ಲೇ ಯಾಕೆ ಹೇಳ್ಲಿಲ್ಲ ಭಾವಾ?"

"ಹೇಳಿದ್ರೆ ನೀನು ಹೆದ್ರಿ ಗಾಡಿಯನ್ನೇ ಮುಟ್ಟೂದಿಲ್ಲಾಗಿತ್ತು!"

ಅಷ್ಟರಲ್ಲಿ ಸಂದೇಶ ಲ್ಯಾಪ್‌ಟಾಪು ಜೋಡಿಸಿ ನೋಡಿದ. "ಏನೂ ಇಲ್ರಿ ಸರ. ಯಾರೋ ಎಲ್ಲಾ ಅಳಿಸ್ಯಾರ. ಅಳಿಸಿದ ಮ್ಯಾಲೆ ಗಾಡಿ ಬರೇ ಹದಿಮೂರು ಕಿಲೋಮೀಟರ್ ಓಡೇದ." ಬಾನೆಟ್ಟು ಎತ್ತಿ ಇಣುಕಿದ. "ಹೊರಗಿನ ಪೈಪ್ ಬ್ಯಾರೆ ಹಾಕ್ಸೀರಿ. ಇನ್ನ ಈ ಇಂಜಿನ್ನಿಗೆ ಗ್ಯಾರಂಟಿ ಇಲ್ರಿ."

"ಯಾರು ಮಾಡಿದ್ದು ಇದನ್ನ?" ಭಾವನ ದನಿ ಮೆಲ್ಲಗಿತ್ತು.

ಶೆಟ್ಲಿ ಚೀಲ ಹಿಡಿದು ಇಳಿಯುತ್ತಿದ್ದ ಮಂದಾಕಿನಕ್ಕನ ಮುಖ ಹೆಮ್ಮೆಯಿಂದ ಅರಳಿತು. "ಬೇರೆ ಯಾರು? ನಮ್ಮ ದೇವಿದಾಸ! ಒಂದು ಗುರುತೂ ಉಳೀಬಾರ್ದು ಹೇಳಿ ಹಟ ಹಿಡಿದು ಮಾಡ್ಸಿದ್ದು. ಹಳೇ ಪೈಪನ್ನೂ ಅವನೇ ಹಳ್ಳಕ್ಕೆ ಎಸೆದು ಬಂದ!"

ಭಾವ ನಿಧಾನವಾಗಿ ತಿರುಗಿದರು. ದೇವಿದಾಸ ಮಾತ್ರ ಹೆದ್ದಾರಿಯ ಕಡೆಗೆ ಕುತ್ತಿಗೆ ಚಾಚಿ, ಕಾರವಾರದ ಬಸ್ಸು ಬಂತೋ ಎಂದು ನೋಡುತ್ತಿದ್ದ.